ಶೇವಂತಾ ಅಳೆದ ಮನೆ

‘ಒಳಗೆ ಹೋಗಿ ಸ್ವತಃ ನೋಡಿದ್ದೀರಾ?’ ಎಂಬ ಪ್ರಶ್ನೆಯ ಮುಂದೆ ಅವಳು ಖಾಲಿ ಬಿಟ್ಟಿದ್ದ ಕಡೆಯಲ್ಲೆಲ್ಲ ‘ಹೌದು’ ಎಂದು ಬರೆದಿತ್ತು. ಪುಟ ತಿರುಗಿಸಿದರೆ ಅಲ್ಲೂ ಹೌದು. ಸ್ವಲ್ಪ ಎಡಕ್ಕೆ ವಾಲಿದ, ಯಾರಿಗೂ ತೊಂದರೆಯಾಗಬಾರದು ಎಂಬಂತೆ ಸಣ್ಣಗಿದ್ದ ಆ ಅಕ್ಷರ ಗುರುರಾಜನದು.

ಶೇವಂತಾ ರೆಕಾರ್ಡ್ ಬುಕ್ಕನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

“ಇದೇನ್ರಿ ಇದು?”

ಅವನು ನೋಡಿದ. ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ.

“ಸೋಮವಾರ ಕೊಡೋದದಲ್ರಿ.”

“ಅದಕ್ಕ?”

“ಖಾಲಿ ಇದ್ದರ ಸರ್ ಸಹಿ ಮಾಡಂಗಿಲ್ಲ.”

“ನಾ ಒಳಗ ಹೋಗಿಲ್ಲ. ಹೋಗಿಲ್ಲಂತನ ಖಾಲಿ ಬಿಟ್ಟೀನಿ. ತುಂಬ್ರಿ ಅಂತ ನಿಮಗ ಯಾರ ಹೇಳಿದ್ರು?”

ಗುರುರಾಜ ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದ. ಮೂಲೆಯಲ್ಲಿ ನಕ್ಷೆ ಬರೆಯುತ್ತಿದ್ದ ಶಬ್ಬೀರ್ ತಲೆ ಎತ್ತದೆ ಹೇಳಿದ, “ಶೇವಂತಾಬಾಯಿ, ಗುರುರಾಯರ ಕಡಿಂದ ಜವಾಬ್ ಬೇಕಂದ್ರ ಮೊದಲ ಅರ್ಜಿ ಹಾಕ್ರಿ. ದೀಪಾವಳಿ ಹೊತ್ತಿಗಿ ಬರ್ತದ.”

ಅವಳಿಗೆ ನಗು ಬರಲಿಲ್ಲ.

ಅದು ತೊಂಬತ್ತಾರನೆಯ ಇಸವಿ. ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ, ಒಂದು ಲಾಡ್ಜಿನ ಮೇಲಿನ ಅಂತಸ್ತಿನಲ್ಲಿ ಮಾಣಿಕಪ್ಪ ಸರ್ ಅವರ ಆಫೀಸು. ಬ್ಯಾಂಕಿನವರು ಸಾಲ ಕೊಡುವ ಮುಂಚೆ ಮನೆಯ ಬೆಲೆ ಕಟ್ಟಿಸುತ್ತಿದ್ದುದು ಅವರಿಂದ. ಶೇವಂತಾ ಮತ್ತು ಗುರುರಾಜ ಇಬ್ಬರೂ ಇಂಜಿನಿಯರಿಂಗ್ ಮುಗಿಸಿ ಅವರ ಕೈಕೆಳಗೆ ಟ್ರೇನಿಗಳಾಗಿದ್ದರು. ಯಾವ ಮನೆಗೆ ಹೋದೆ, ಅಲ್ಲಿ ನೀನೇ ಏನು ಮಾಡಿದೆ ಎಂಬುದೆಲ್ಲ ರೆಕಾರ್ಡಿನಲ್ಲಿ ಇರಬೇಕು. ಒಂದು ಮನೆಯನ್ನಾದರೂ ಎಲ್ಲ ಕೋಣೆ ಹೊಕ್ಕು ತಾನೇ ಅಳೆದಿರಬೇಕು. ಅದಕ್ಕೆ ಸರ್ ಸಹಿ ಬಿದ್ದರೆ ಬೆಲೆ ಕಟ್ಟುವ ಕೆಲಸದ ಪರೀಕ್ಷೆಗೆ ಕೂರಬಹುದು. ಇಲ್ಲದಿದ್ದರೆ ಬರುವ ವರ್ಷ.

ಶೇವಂತಾಳ ಅಪ್ಪ ರಾಮಣ್ಣ ಇದೇ ಸ್ಟೇಶನ್ನಿನಲ್ಲಿ ಹಮಾಲ. ಅವರ ಓಣಿಯಲ್ಲಿ ಇಂಜಿನಿಯರ್ ಆದವಳು ಇವಳೊಬ್ಬಳೇ. ಅದು ಕಾಲೇಜಿನಲ್ಲಿ ನಡೆಯಿತು. ಮನೆಗಳ ಬಾಗಿಲಲ್ಲಿ ನಡೆಯಲಿಲ್ಲ. “ನಿಮ್ಮ ಮನಿತನ ಯಾವುದವಾ?” ಎಂದು ಕೇಳುತ್ತಿದ್ದರು. ಉತ್ತರ ಕೇಳಿದ ಮೇಲೆ, ಬಹಳ ಮರ್ಯಾದೆಯಿಂದ, ಹೊರಗಿನ ಕಟ್ಟೆಯ ಮೇಲೆ ಕುರ್ಚಿ ಹಾಕುತ್ತಿದ್ದರು. ಗುರುರಾಜ ಒಳಗೆ ಹೋಗಿ ಅಳತೆ ಕೂಗಿ ಹೇಳುತ್ತಿದ್ದ. ಅವಳು ಹೊರಗೆ ಕೂತು ಬರೆಯುತ್ತಿದ್ದಳು. ಅವನ ದನಿ ಅವಳಿಗೆ ಪರಿಚಯವಾದದ್ದೇ ಹಾಗೆ, ಗೋಡೆಯ ಆಚೆಯಿಂದ, ಅಡಿ ಮತ್ತು ಇಂಚುಗಳಲ್ಲಿ.

ಹೊರಗೆ ಬಂದಾಗ ಅವನ ತೋಳಿಗೆ ಸುಣ್ಣ ಮೆತ್ತಿರುತ್ತಿತ್ತು. ಕುರ್ಚಿಯನ್ನೊಮ್ಮೆ ನೋಡುತ್ತಿದ್ದ, ಅವಳ ಮುಖವನ್ನೊಮ್ಮೆ. ಏನೋ ಹೇಳುವವನ ಹಾಗೆ ತುಟಿ ಅಲುಗುತ್ತಿತ್ತು. ಅವಳು ಕಾಯುತ್ತಿದ್ದಳು. ಆಮೇಲೆ ಅವನು “ಹೋಗೋಣ್ರಿ” ಎನ್ನುತ್ತಿದ್ದ. ಕುರ್ಚಿ ಹಾಕಿದವರ ಮೇಲೆ ಬಾರದಷ್ಟು ಸಿಟ್ಟು ಆ ‘ಹೋಗೋಣ್ರಿ’ಯ ಮೇಲೆ ಬರುತ್ತಿತ್ತು. ಅವರಿಂದ ಅವಳು ಏನನ್ನೂ ಬಯಸಿರಲಿಲ್ಲ.

ಈಗ ಅವಳು ಕೆಂಪು ಪೆನ್ನು ತೆಗೆದು ಅವನು ಬರೆದ ‘ಹೌದು’ಗಳನ್ನು ಒಂದೊಂದಾಗಿ ಹೊಡೆದುಹಾಕಿದಳು. ಅವನು ನೋಡುತ್ತಲೇ ಇದ್ದ.

“ಕಮಲಾಪುರದಾಗ ಒಂದ ಮನಿ ಅದ್ರಿ,” ಎಂದ ಕೊನೆಗೆ. “ಎಲ್ಲಾ ಖೋಲಿ ತೋರಸ್ತಾರ. ನಾಳಿ ಆದಿತ್ವಾರ, ಹೋಗಿ ಬರಬಹುದು.”

“ಯಾರ ಮನಿ?”

“ನೋಡಿದ್ರ ತಿಳೀತದ.”

ಮರುದಿನ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನಲ್ಲಿ ಗುರುರಾಜ ಪಕ್ಕದಲ್ಲೇ ಕೂತ. ಅಳತೆ ಟೇಪಿನ ಚೀಲವನ್ನು ಇಬ್ಬರ ನಡುವೆ ಗಡಿಕಲ್ಲಿನಂತೆ ಇಟ್ಟ. ದಾರಿಯುದ್ದಕ್ಕೂ ಕಿಟಕಿಯಾಚೆ ತೊಗರಿ ಹೊಲ ನೋಡಿದ. ಶೇವಂತಾ ಗಾಜಿನಲ್ಲಿ ಅವನ ಮುಖ ನೋಡಿದಳು. ರೆಪ್ಪೆ ಉದ್ದ ಇವನಿಗೆ, ಗಂಡಸಿಗೆ ಯಾತಕ್ಕೆ ಇಷ್ಟು ಎಂದುಕೊಂಡಳು. ಅಷ್ಟರಲ್ಲಿ ಗಾಜಿನೊಳಗಿನ ಕಣ್ಣು ಇವಳತ್ತ ತಿರುಗಿತು. ಇಬ್ಬರೂ ಒಮ್ಮೆಲೇ ತೊಗರಿ ನೋಡತೊಡಗಿದರು.

ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಮುದುಕಿ ಚಾಂದಬಿ ಅವನನ್ನು ನೋಡಿ ಕೈ ಎತ್ತಿದಳು. “ಅರೆ ಗುರು! ಈಗ ನೆನಪಾತೇನು ಮನಿ? ಈ ಬೇಟಿ ಯಾರು? ತುಂಗಾಬಾಯಿಗಿ ಹೇಳೀಯೋ, ಇಲ್ಲೋ?”

“ಆಫೀಸಿನೋರು, ಚಾಂದಬಿ.”

“ಹಾಂ ಹಾಂ, ಆಫೀಸು. ನಂಗೂ ಕಣ್ಣ ಅವ.”

ಶೇವಂತಾ ನಿಂತುಬಿಟ್ಟಳು. “ನಿಮ್ಮ ಮನಿ?”

“ಅಪ್ಪ ಹ್ವಾದ ಮ್ಯಾಲ ನನ್ನ ಹೆಸರಲೇ ಅದ. ನಮ್ಮ ಕಾಕು ಇರ್ತಾರ.”

“ನಿನ್ನೀನ ಹೇಳಲಾಕ ಏನಾಗಿತ್ತು?”

“ಹೇಳಿದ್ರ ನೀವು ಬರ್ತಿರಲಿಲ್ಲ.”

ಅದು ನಿಜ. ನಿಜವಾದ್ದರಿಂದ ಇನ್ನೂ ರೇಗಿತು.

ಮಣ್ಣಿನ ಮಾಳಿಗೆಯ, ಶಹಾಬಾದ್ ಕಲ್ಲು ಹಾಸಿದ ಮನೆ. ಅಂಗಳ ಅಳೆದಳು, ಪಡಸಾಲೆ ಅಳೆದಳು. ಗುರುರಾಜ ಟೇಪಿನ ಇನ್ನೊಂದು ತುದಿ ಹಿಡಿದು ಗೋಡೆಗೆ ಒತ್ತಿ ನಿಂತಿದ್ದ. ಈ ಸಲ ಅಂಕಿ ಓದಿ ಹೇಳಿದವಳು ಅವಳು. ಅಡುಗೆಮನೆಯ ಹತ್ತಿರ ಬಂದಾಗ ಅವನ ಚಿಕ್ಕಮ್ಮ ತುಂಗಾಬಾಯಿ ಬಾಗಿಲಲ್ಲಿ ನಿಂತಿದ್ದರು. ಅವರು ಪಡಸಾಲೆಗೆ ಒಂದು ಕುರ್ಚಿ ತಂದು ಹಾಕಿಯೂ ಆಗಿತ್ತು.

“ಕುಂದರವಾ. ದಣದೀದಿ. ಒಳಗಿಂದು ಗುರುಗ ಎಲ್ಲಾ ಗೊತ್ತದ, ಅವಾ ಬರಸ್ತಾನ.”

ಶೇವಂತಾ ಪೆನ್ನಿನ ಕ್ಯಾಪ್ ಹಾಕಿದಳು. ಬಸ್ಸು ಯಾವಾಗ ಎಂದು ಕೇಳಲು ಬಾಯಿ ತೆರೆದಳು.

“ಕಾಕು, ಆಚಿ ಸರೀರಿ,” ಎಂದ ಗುರುರಾಜ.

“ಏನಂದಿ?”

“ಬಾಗಲಾ ಬಿಡ್ರಿ. ಅವರು ಒಳಗ ಹೋಗ್ತಾರ. ದೇವರ ಮನಿಗೂ ಹೋಗ್ತಾರ.”

ದನಿ ಏರಿರಲಿಲ್ಲ. ಕಾಕು ಅವನನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. “ಇಷ್ಟ ಮಾತು ಎಲ್ಲಿ ಕಲತ್ಯೋ?” ಎಂದರು. ಆಮೇಲೆ ಸೀರೆಯ ನಿರಿಗೆಯನ್ನು ಒಟ್ಟುಮಾಡಿ ಹಿಡಿದುಕೊಂಡು ಗೋಡೆಗೆ ಸರಿದರು.

ಅವಳು ಒಳಗೆ ಹೋದಳು. ಹೊಗೆಗೆ ಕಪ್ಪಾದ ತೊಲೆ, ಒಂದು ಕಡೆ ತಗ್ಗಿದ ನೆಲ, ಎಲ್ಲವನ್ನೂ ಬರೆದಳು. ದೇವರ ಮನೆಗೆ ತಲೆ ಬಗ್ಗಿಸಿ ಹೋಗಬೇಕು. ಅಷ್ಟು ಸಣ್ಣ ಕೋಣೆಯಲ್ಲಿ ಟೇಪು ಹಿಡಿದ ಇಬ್ಬರ ನಡುವೆ ಜಾಗವೇ ಇರಲಿಲ್ಲ. ಅವನ ಉಸಿರು ಕೇಳುತ್ತಿತ್ತು. ಅವಳು ಒಂದೇ ಅಂಕಿಯನ್ನು ಎರಡು ಸಲ ಬರೆದಳು. ಒಂದನ್ನು ಹೊಡೆದುಹಾಕಿ ತನ್ನ ಮೇಲೇ ಸಿಟ್ಟಾದಳು.

ತಿರುಗಿ ನಿಲ್ದಾಣದ ಕಡೆ ನಡೆಯುವಾಗ ಕೇಳಿದಳು, “ನಾ ಹ್ವಾದ ಮ್ಯಾಲ ನೆಲ ತೊಳೀತಾರೇನು?”

ಅವನು ಸುಳ್ಳು ಹೇಳಬಹುದಿತ್ತು.

“ತೊಳೀತಾರ್ರಿ.”

“ಆಗ ನೀವೇನ ಮಾಡ್ತೀರಿ?”

ಯೋಚಿಸಿದ. “ನೀರ ಸೇದಿ ಕೊಡಂಗಿಲ್ಲ.”

ನಗಬಾರದೆಂದುಕೊಂಡರೂ ಅವಳಿಗೆ ನಗು ಬಂದುಬಿಟ್ಟಿತು. ಬೇರೆ ಕಡೆ ಮುಖ ಮಾಡಿ ನಕ್ಕಳು.

ಹೊತ್ತು ಮುಳುಗುತ್ತಿತ್ತು. ಕಲಬುರಗಿಗೆ ಕೊನೆಯ ಬಸ್ಸು ಇನ್ನೂ ಬಂದಿರಲಿಲ್ಲ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಅವಳು ರೆಕಾರ್ಡು ತುಂಬಿದಳು. ಎಲ್ಲ ಕೋಣೆ, ಎಲ್ಲ ಅಳತೆ, ಎಲ್ಲವೂ ತನ್ನದೇ. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಇಷ್ಟು ದಿನ ಓದದೆಯೇ ‘ಇಲ್ಲ’ ಎಂದು ಬರೆದುಬಿಡುತ್ತಿದ್ದ ಪ್ರಶ್ನೆ. ‘ಈ ಆಸ್ತಿಯಿಂದ ನಿಮಗೆ ಈಗಾಗಲಿ ಮುಂದಾಗಲಿ ಸ್ವಂತ ಲಾಭ ಇದೆಯೇ? ಇದ್ದಲ್ಲಿ ಈ ಕೆಲಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.’

“ಇದೊಂದ ಬರದ್ರ ಮುಗೀತು,” ಎಂದಳು.

“ಬರೀಬ್ಯಾಡ್ರಿ.”

“ಯಾಕ? ಇದ್ರಾಗೇನು ಸುಳ್ಳದ?”

“ಈಗೇನಿಲ್ಲ. ಮುಂದ…”

“ಮುಂದ?”

ಅವನ ತುಟಿ ಮತ್ತೆ ಹಾಗೇ ಅಲುಗಿತು. ಅವಳು ಪೆನ್ನನ್ನು ಕಾಗದಕ್ಕೆ ಒತ್ತಿದಳು. “ಗುರುರಾಜ, ಇವತ್ತೂ ಸುಮ್ಮ ಕುಂತ್ರಿ ಅಂದ್ರ ನಾ ‘ಇಲ್ಲ’ ಅಂತ ಬರೀತೇನಿ. ಒಮ್ಮಿ ಬರದದ್ದು ಆಮ್ಯಾಲ ಹೊಡದ ಹಾಕಂಗಿಲ್ಲ.”

ಅವನು ಕನ್ನಡಕಕ್ಕೆ ಕೈ ಹಾಕಿ, ಬೇಡವೆಂದು ಬಿಟ್ಟ. “ಮುಂದ ಈ ಮನಿ ನಿಮ್ಮದೂ ಆಗಲಿ ಅಂತ ನನಗ ಅನಸ್ತದ. ಭಾಳ ದಿನದಿಂದ ಅನಸ್ಲಾಕತ್ತದ. ನಿಮಗ ಹಂಗ ಇಲ್ಲಂದ್ರ ‘ಇಲ್ಲ’ ಬರೀರಿ. ಅದು ಖರೇನ ಆಗ್ತದ, ನಿಮ್ಮ ಪರೀಕ್ಷಾನೂ ಉಳೀತದ. ನಾ ಮತ್ತ ಈ ಮಾತ ತಗಿಯಂಗಿಲ್ಲ.”

ಶೇವಂತಾ ಅವನನ್ನೇ ನೋಡಿದಳು. ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು.

“ಅಳಿಯೂಕಿಂತ ಮೊದಲ ಹೇಳಲಾಕ ಏನ ಧಾಡಿ ಆಗಿತ್ತು ನಿನಗ? ಬಸ್ಸಿನ್ಯಾಗ ಕುಂತಾಗ ಬಾಯಿ ಇರಲಿಲ್ಲೇನು? ಇದರ ಬದಲಿ ಆ ಚಾಂದಬಿ ಮನಿ ಆದ್ರೂ ಅಳೀತಿದ್ದೆ ನಾ! ಕೊನೀ ಬಸ್ ಬರೂ ಹೊತ್ತಿಗಿ ಹೇಳ್ತಾನ!”

“ತಪ್ಪಾತ್ರಿ.”

“ಆತು ಅಂತ ನಂಗೂ ಗೊತ್ತದ.”

ಅವಳು ಆ ಪುಟದ ಮೇಲೆ, ಪಡಸಾಲೆಯಿಂದ ದೇವರ ಮನೆಯವರೆಗೆ ತಾನೇ ಬರೆದ ಅಷ್ಟೂ ಅಳತೆಯ ಮೇಲೆ, ಅಡ್ಡ ಗೆರೆ ಎಳೆದಳು. ಗೆರೆ ನೇರವಾಗಿತ್ತು. ಮುಗಿದ ಮೇಲೆ ಕಣ್ಣು ತುಂಬಿತು.

ಅವನಿಗೆ ಗಾಬರಿಯಾಯಿತು. “ನಾನೂ ಈ ಸಲ ಕೊಡಂಗಿಲ್ಲ. ಬರೋ ವರ್ಷ ಇಬ್ಬರೂ ಕೂಡಿ…”

“ಹುಚ್ಚ ಹಿಡದದೇನು? ನೀ ನಾಳಿನ ಕೊಡು. ಇಬ್ಬರೂ ವರ್ಷಗಟ್ಟಲೆ ಟ್ರೇನಿ ಅಂತ ಕುಂತ್ರ ಕಲಬುರಗ್ಯಾಗ ನಮಗ ಬಾಡಗಿ ಮನಿ ಯಾರ ಹಿಡದ ಕೊಡ್ತಾರ? ನಿಮ್ಮ ಕಾಕು?”

ಮಾತು ಹೊರಗೆ ಬಿದ್ದಾಗಿತ್ತು. ಅವಳು ಪೆನ್ನಿನ ಕ್ಯಾಪ್ ಹುಡುಕತೊಡಗಿದಳು. ಚಾಂದಬಿ ಉಳಿದ ಬಾಳೆಹಣ್ಣನ್ನು ಬುಟ್ಟಿಗೆ ತುಂಬುತ್ತಿದ್ದಳು, ಈ ಕಡೆ ನೋಡದವಳ ಹಾಗೆ.

“ಎಷ್ಟ ಖೋಲಿದು ಹಿಡಿಯೋಣ್ರಿ?” ಎಂದು ಗುರುರಾಜ ಮೆಲ್ಲಗೆ ಕೇಳಿದ.

“ಎರಡು ಸಾಕು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಅಡಗಿ ಮನಿ ಮಾತ್ರ ದೊಡ್ಡದಿರಬೇಕು.”

“ಯಾಕ?”

“ಯಾರ ಬಂದ್ರೂ ಅಲ್ಲೇ ಕುಂದರಲಿ.”

ಹುಮನಾಬಾದ್ ಕಡೆಯಿಂದ ಬಸ್ಸಿನ ದೀಪ ಕಂಡಿತು. ಗುರುರಾಜ ಎದ್ದು, ಈ ಸಲ ಇಬ್ಬರ ನಡುವೆ ಬಾರದ ಹಾಗೆ, ಟೇಪಿನ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.