ಬಾಗಿಲಿಗಿಟ್ಟ ಬೂಟು

ಗಾಜಿನ ಪೆಟ್ಟಿಗೆಯಾಚೆ ಡ್ಯಾರೆಲ್ ನಿಂತಿದ್ದ. ಮೀನು ತೂಗುತ್ತಿದ್ದ ಬ್ರಿಟಾ ತಲೆಯೆತ್ತಿ ನೋಡಿದಳು.

ನಿನ್ನೆ ಸಂಜೆಯಷ್ಟೇ ಅವನೆದುರು ಅತ್ತಿದ್ದಳು. ಇವತ್ತು ಡುಲೂತ್ ಊರಿನ ಈ ಅಂಗಡಿಗೆ, ಅದೂ ಅವಳು ಕೆಲಸ ಮಾಡುವ ಮೀನಿನ ಕೌಂಟರಿಗೇ ಬಂದಿದ್ದಾನೆ. ಕೈಯಲ್ಲಿದ್ದ ಮೀನು ಜಾರಿ ತಕ್ಕಡಿಯ ಮೇಲೆ ಬಿತ್ತು. ಅವಳಿಗೆ ನಗು ಬಂತು. ಅವನೂ ನಗುತ್ತಾನೆ ಅಂದುಕೊಂಡಳು.

"ಹೊಗೆ ಹಾಕಿದ ಮೀನು, ಅರ್ಧ ಪೌಂಡ್ ಕೊಡಿ," ಎಂದ, ಅವಳ ತಲೆಯ ಮೇಲಿದ್ದ ಬೆಲೆಪಟ್ಟಿ ನೋಡುತ್ತ.

"ಮತ್ತೇನಾದ್ರೂ..."

"ಬೇಡ. ಥ್ಯಾಂಕ್ಸ್."

ಪೊಟ್ಟಣ ಹಿಡಿದು ಹೊರಟೇಬಿಟ್ಟ.

"ಯಾರೇ ಅದು? ಮುಖ ಟೊಮೇಟೊ ಆಗಿದೆ ನಿಂದು," ಪಕ್ಕದಲ್ಲಿ ಮೀನು ಹೆಚ್ಚುತ್ತಿದ್ದ ಪೆಗ್ಗಿ ಕೆಣಕಿದಳು.

"ಯಾರೋ ಗಿರಾಕಿ."

ಯಾರೋ ಗಿರಾಕಿಯೆ?

ಬ್ರಿಟಾ ಚಿಕ್ಕವಳಿದ್ದಾಗ ಅಪ್ಪನಿಗೆ ಸಿಟ್ಟು ಬಂದರೆ ಅವಳನ್ನು ನೆಲಮಾಳಿಗೆಗೆ ತಳ್ಳಿ ಚಿಲಕ ಹಾಕುತ್ತಿದ್ದ. ಈ ಮೂವತ್ತೇಳರ ವಯಸ್ಸಿನಲ್ಲೂ ಬಾಗಿಲು ಮುಚ್ಚಿದರೆ ಅವಳಿಗೆ ಉಸಿರು ಕಟ್ಟುತ್ತದೆ. ಹಿಂದೊಬ್ಬ ಡಾಕ್ಟರು, "ಹಳೇದೆಲ್ಲ ಮರೆತುಬಿಡಿ," ಎಂದು ಗಡಿಯಾರ ನೋಡಿದ್ದರು. ಕೊನೆಗೆ ಅವಳು ಸೇರಿದ್ದು ಇಂಥ ನೋವುಂಡವರಿಗೆಂದೇ ನೋರೀನ್ ಎಂಬ ಆಪ್ತಸಮಾಲೋಚಕಿ ನಡೆಸುವ ಮಂಗಳವಾರದ ಗುಂಪಿಗೆ. ನೋರೀನ್ ಮೊದಲ ದಿನ ಕೇಳಿದ್ದೇ ಬೇರೆ.

"ಎಲ್ಲಿ ಕೂತರೆ ನಿಮಗೆ ಹಾಯಾಗಿರುತ್ತೆ?"

ಹಾಗೆ ಯಾರೂ ಅವಳನ್ನು ಕೇಳಿರಲಿಲ್ಲ. ಉತ್ತರವೇ ಹೊಳೆಯದೆ ಬಾಗಿಲ ಪಕ್ಕ ಕೂತಿದ್ದಳು. ಆಮೇಲೆ ನೋರೀನ್ ಗುಂಪಿನ ನಿಯಮಗಳ ಹಾಳೆ ಓದಿ ಹೇಳಿದರು. ಅವಳ ಕಣ್ಣು, ಕಿವಿ ಎರಡೂ ಬಾಗಿಲ ಮೇಲಿದ್ದವು. ಓದದೇ ಸಹಿ ಹಾಕಿದಳು.

ನಿನ್ನೆ ಗುಂಪಿನಲ್ಲಿ ಅವಳು ನೆಲಮಾಳಿಗೆಯ ಮಾತೆತ್ತಿದ್ದಷ್ಟೇ, ಗಾಳಿಗೆ ಬಾಗಿಲು ದಬಕ್ಕನೆ ಮುಚ್ಚಿಕೊಂಡಿತ್ತು. ಅವಳು ಮಾತು ಬಿಟ್ಟು ಬಾಗಿಲನ್ನೇ ನೋಡಿದಳು. ಆಗ ಶಾಲಾ ಬಸ್ಸಿನ ಡ್ರೈವರ್ ಡ್ಯಾರೆಲ್ ಸದ್ದಿಲ್ಲದೆ ಎದ್ದು ಬಾಗಿಲು ತೆರೆದು, ಹೊಸಿಲ ಬಳಿ ಬಿಟ್ಟಿದ್ದ ತನ್ನ ಹಿಮದ ಬೂಟನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಂದು ಕೂತ. ಅವಳು ಎಲ್ಲವನ್ನೂ ಹೇಳಿ ಮುಗಿಸಿದಳು. ಆ ಒಂದು ಬೂಟಿಗೆ ಮನಸ್ಸು ಕೊಟ್ಟುಬಿಟ್ಟಿದ್ದಳು, ಪಾಪ.

ಅದೇ ಮನುಷ್ಯ ಇವತ್ತು ಗುರುತೇ ಇಲ್ಲದವನಂತೆ ಹೋದ!

'ನನ್ನ ಕಥೆ ಕೇಳಿ ಅಸಹ್ಯ ಆಯ್ತಾ? ಹಾಗಾದರೆ ಬೂಟು ಯಾಕಿಟ್ಟ? ಬರೀ ಕನಿಕರವಾ? ನಾನೇ ಏನೇನೋ ಕಲ್ಪಿಸಿಕೊಂಡೆನಾ?'

ಮುಂದಿನ ಮಂಗಳವಾರ ಕ್ಲಿನಿಕ್ಕಿನ ಎದುರು ಕಾರಿನಲ್ಲೇ ಕೂತಳು. ಎರಡು ಸಲ ಇಳಿದಳು, ಎರಡು ಸಲ ಹತ್ತಿದಳು. ಇನ್ನೆಂದೂ ಬಾಯಿ ಬಿಡುವುದಿಲ್ಲ ಎಂದುಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ನೋರೀನ್ ಫೋನ್ ಮಾಡಿದರು.

"ಬರಲೇಬೇಕು ಅಂತ ಹೇಳೋಕಲ್ಲ. ಹುಷಾರಾಗಿದ್ದೀರಾ ಅಂತ ಕೇಳೋಕೆ."

"ಹೊರಗೆ ಸಿಕ್ಕಿದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾರಲ್ಲ, ಅಂಥವರ ಮುಂದೆ ನಾನ್ಯಾಕೆ ಹೇಳ್ಕೋಬೇಕು?"



"ಯಾರು ಅಂತ ಕೇಳಲ್ಲ. ಮೊದಲ ದಿನದ ಹಾಳೆ ಇದೆಯಾ? ನಾಲ್ಕನೇ ನಿಯಮ ಓದಿ."

ಹಾಳೆ ಕೋಟಿನ ಜೇಬಿನಲ್ಲಿ ಮುದುಡಿ ಕೂತಿತ್ತು. 'ಹೊರಗೆ ಒಬ್ಬರಿಗೊಬ್ಬರು ಸಿಕ್ಕರೆ, ಅವರಾಗಿ ಮಾತಾಡಿಸುವವರೆಗೆ ನೀವು ಮಾತಾಡಿಸಬೇಡಿ. ಅವರ ಪಕ್ಕದಲ್ಲಿ ಯಾರಿದ್ದಾರೋ ನಿಮಗೆ ಗೊತ್ತಿರುವುದಿಲ್ಲ.'

ಬ್ರಿಟಾ ಅದನ್ನು ಮೂರು ಸಲ ಓದಿದಳು. ಆಮೇಲೆ ಉಳಿದವನ್ನೂ ಓದಿದಳು.

ಅವತ್ತೇ ಮಧ್ಯಾಹ್ನ ಡ್ಯಾರೆಲ್ ಮತ್ತೆ ಬಂದ. ಕಣ್ಣು ಮತ್ತೆ ಬೆಲೆಪಟ್ಟಿಯ ಮೇಲೆ. ಆದರೆ ಕೈಯಲ್ಲಿದ್ದ ಉಣ್ಣೆ ಟೋಪಿಯನ್ನು ಹಿಂಡುತ್ತಿದ್ದ. ಪೆಗ್ಗಿ ಪಕ್ಕದಲ್ಲೇ ಇದ್ದಳು. ಮಾತಾಡಿಸಿದರೆ, ಎಲ್ಲಿಯ ಪರಿಚಯ ಎಂದು ಅವಳು ಕೇಳದೇ ಬಿಡುವವಳಲ್ಲ.

ಬ್ರಿಟಾ ಕೈ ಒರೆಸಿಕೊಂಡಳು.

"ಹಲೋ, ಡ್ಯಾರೆಲ್."

ಅವನ ಮುಖ ಅರಳಿತು. "ಹಲೋ, ಬ್ರಿಟಾ."

"ಅಯ್ಯೋ, ಯಾರೋ ಗಿರಾಕಿ ಅಂದಿದ್ದೆ?" ಪೆಗ್ಗಿ ಕಣ್ಣರಳಿಸಿದಳು.

"ನಮ್ಮ ಮಂಗಳವಾರದ ಗುಂಪಿನವರು. ನಾನೊಂದು ಗುಂಪಿಗೆ ಹೋಗ್ತೀನಿ, ಆಮೇಲೆ ಹೇಳ್ತೀನಿ ಕಣೇ."

ಪೆಗ್ಗಿ ಐಸ್ ತರುವ ನೆಪದಲ್ಲಿ ಒಳಗೆ ಹೋದಳು.

"ಒಂದು ವಾರ ನಿಮ್ಮನ್ನ ಬೈಕೊಂಡೆ," ಎಂದಳು ಬ್ರಿಟಾ. "ಆ ನಿಯಮ ನಾನು ಓದೇ ಇರಲಿಲ್ಲ."

"ನಿನ್ನೆ ನಿಮ್ಮ ಕುರ್ಚಿ ಖಾಲಿ ಇತ್ತು. ಆದ್ರೂ ಬಾಗಿಲಿಗೆ ಬೂಟು ಇಟ್ಟಿದ್ದೆ. ತಡವಾಗಿ ಬಂದ್ರೆ ಅಂತ..."

ಅವಳ ಕಣ್ಣು ತುಂಬಿತು. "ಮೀನು ಎಷ್ಟು ಕೊಡ್ಲಿ?"

"ಬೇಡ. ನಂಗೆ ಮೀನು ಸೇರಲ್ಲ. ಅವತ್ತು ಅಕ್ಕನಿಗೆ ಅಂತ ಬಂದಿದ್ದೆ. ಇವತ್ತು ನಿಮಗೋಸ್ಕರ." ಅವನು ತಡವರಿಸಿದ. "ನೀವು ಅಂದ್ರೆ ನಂಗೆ... ಆದ್ರೆ ಆರನೇ ನಿಯಮ..."

"ಗುಂಪು ಮುಗಿಯೋವರೆಗೂ ಪ್ರೀತಿ ಗೀತಿ ಬೇಡ. ಅದನ್ನೂ ಓದಿದೆ. ಇನ್ನು ನಾಲ್ಕು ವಾರ. ಕಾಯ್ತೀಯಾ?"

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಗೊತ್ತಾಯಿತು.

"ಕಾಯ್ತೀನಿ. ಮಂಗಳವಾರ ಬರ್ತೀಯಾ?"

"ಬರ್ತೀನಿ. ಎಲ್ಲಿ ಕೂತ್ಕೋಬೇಕು ಅಂತ ಈಗ ಗೊತ್ತಾಯ್ತು."

"ಎಲ್ಲಿ?"

"ಬಾಗಿಲ ಹತ್ರ ಅಲ್ಲ, ನಿನ್ನ ಎದುರಿಗೆ. ಬೂಟು ಮಾತ್ರ ಅಲ್ಲೇ ಇರ್ಲಿ."