ಬ್ಯಾಟರಿ ದಣಿವಾರಿಸಿಕೊಂಡ ಹೊತ್ತು

ಬ್ಯಾಟರಿಯಕ್ಕನಿಗೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ಒಂದು ಕಾಲನ್ನು ಏಳಲು ಸಿದ್ಧವಾಗಿಟ್ಟುಕೊಂಡೇ ಉಣ್ಣುವವಳು. ಬಿರುಗಾಳಿಗೆ ಕರೆಂಟು ಹೋದ ಮೇಲಂತೂ ತನ್ನ ಬ್ಯಾಟರಿ ಅಂಗಡಿಯ ನೆಲ ಸವೆಯುವಂತೆ ಓಡಾಡುತ್ತಿದ್ದಳು. ಹೊರಗೆ, ಬೀದಿಯ ಆಚೆ ಬದಿಯೂ ಕಾಣದಷ್ಟು ಮಂಜು. ಅವಳ ಅಣ್ಣ ತನ್ನ ದೋಣಿಯವರ ಜೊತೆ ಆ ಮಂಜಿನೊಳಗೆ ಎಲ್ಲೋ ಸಮುದ್ರದ ಮೇಲಿದ್ದ.

ಮಂಜು ಕವಿದ ದಿನ ಭೂಶಿರದ ತುದಿಯ ಕಂಬದಲ್ಲಿ ಸೈರನ್ ಕೂಗಬೇಕು. ಅದರ ದನಿ ಹಿಡಿದೇ ದೋಣಿಗಳು ಬಂದರಿಗೆ ಬರುವುದು. ಕರೆಂಟಿಲ್ಲದೆ ಸೈರನ್ನಿನ ಬಾಯಿ ಕಟ್ಟಿಹೋಗಿತ್ತು. ಕಂಬದ ಎಡಕ್ಕೆ, ನೀರಿನಲ್ಲಿ, ಹಲ್ಲುಬಂಡೆಗಳ ಸಾಲು. ಅಣ್ಣನ ದೋಣಿಯ ಡೀಸೆಲ್ ಹೆಚ್ಚೆಂದರೆ ಇವತ್ತಿನ ಸಂಜೆಯವರೆಗೆ.

"ನಾವೇ ಹೋಗಿ ಕೂಗ್ಸೋಣ," ಎಂದಳು ಅಕ್ಕ.

"ಏನನ್ನ?" ಎಂದ ಪೋಂಪೋಂ. ಅವನು ಲಾರಿ ಡ್ರೈವರ್. ನಾಯಿ ಅಡ್ಡ ಬಂದರೂ, ಬರದಿದ್ದರೂ ಹಾರ್ನ್ ಹೊಡೆಯುತ್ತಿದ್ದುದರಿಂದ ಆ ಹೆಸರು.

"ನಿನ್ನ ಹಾರ್ನನ್ನ. ಬಿಚ್ಚು."

"ಅಯ್ಯೋ, ಅದನ್ನ ಬಿಚ್ಚಿದ್ರೆ ನನ್ನ ಲಾರಿಯಲ್ಲಿ ಉಳಿಯೋದೇನು!" ಎಂದನಾದರೂ ಸ್ಪ್ಯಾನರ್ ಕೈಗೆ ಬಂದಿತ್ತು. ಲಾರಿಯ ಬ್ಯಾಟರಿ ನೆರೆನೀರು ಕುಡಿದು ಸತ್ತಿತ್ತು. ಅಕ್ಕನ ಅಂಗಡಿಯ ಬ್ಯಾಟರಿಗಳೆಲ್ಲ ಆಸ್ಪತ್ರೆಗೆ ಹೋಗಿದ್ದವು. ಉಳಿದದ್ದು ಒಂದೇ. ಹಳೆಯ ಸಲಕರಣೆ ಡಬ್ಬಿಯೊಳಗೆ ಒಂದು ಸೀಸದ ಬ್ಯಾಟರಿ, ಫ್ಯೂಸು, ಸ್ವಿಚ್ಚು, ಚಾರ್ಜು ತೋರಿಸುವ ಪುಟ್ಟ ಮುಳ್ಳು, ಇಷ್ಟೇ ಅದರ ಸಂಸಾರ. ಕಾಡಿನಲ್ಲಿ ಡೇರೆ ಹಾಕುವವರಿಗೆ ಬಾಡಿಗೆ ಕೊಡಲೆಂದು ಅವಳೇ ಜೋಡಿಸಿದ್ದು.

"ನಾನೂ ಬರ್ತೀನಿ," ಎಂದಳು ಅತ್ತಿಗೆ, ಅಣ್ಣನ ಹೆಂಡತಿ. ಮೆತ್ತನೆಯ ಮನಸ್ಸಿನ, ಯಾರಿಗೂ ಇಲ್ಲವೆನ್ನದ ಹೆಂಗಸು. ಬೇಡ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಡಬ್ಬಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಹೊದಿಸಿ, ಹಗ್ಗ ಬಿಗಿದು, ಮೂವರೂ ಹೊರಟರು.

ರಸ್ತೆ ಕೊಚ್ಚಿಹೋಗಿದ್ದರಿಂದ ಕಾಡಿನ ದಾರಿಯೇ ಗತಿ. ಬಿರುಗಾಳಿ ಅಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಮುರಿದು ಹಾಕಿ ಹೋಗಿತ್ತು. ಬೇರುಸಮೇತ ಮಗುಚಿದ ಮರಗಳು ದಾರಿಗೆ ಅಡ್ಡ ಬಿದ್ದಿದ್ದವು, ಅವುಗಳ ಗುಂಡಿಯಲ್ಲಿ ಕೆಂಪು ನೀರು ನಿಂತಿತ್ತು. ಮಂಜು ಕೊಂಬೆಗಳಿಂದ ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಹಕ್ಕಿಯ ಸದ್ದಿಲ್ಲ. ಮುಂದಿರುವವರ ಬೆನ್ನು ನಾಲ್ಕು ಹೆಜ್ಜೆ ದೂರವಾದರೆ ಮಾಯ. ಹಾಗಾಗಿ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡು ನಡೆದರು. ಬಲಗಡೆ ಎಲ್ಲೋ ಕೆಳಗೆ ಸಮುದ್ರ ಗೊಣಗುತ್ತಿತ್ತು.

ಸೀಸ ಅಂದರೆ ಸೀಸವೇ. ಡಬ್ಬಿ ಹೆಗಲು ಕಿತ್ತು ಕೈಗೆ ಬರುವಂತೆ ಜಗ್ಗುತ್ತಿತ್ತು.

"ಸ್ವಲ್ಪ ಕೂತು ಹೋಗೋಣ್ವಾ ಅಕ್ಕ?" ಎಂದ ಪೋಂಪೋಂ.

"ಮನೆಗ್ ಹೋಗಿ ಕೂತ್ಕೋ. ನಡಿ!"

ಕೊರಕಲಿನ ಹತ್ತಿರ ಕಾಲುಸೇತುವೆ ಇರಲಿಲ್ಲ. ಕಂದು ನೀರು ಮೊಣಕಾಲಿನ ಮೇಲೆ ನುಗ್ಗುತ್ತಿತ್ತು. ಪೋಂಪೋಂ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಇಳಿದ. ಮಧ್ಯಕ್ಕೆ ಬಂದಾಗ ಕಾಲು ಜಾರಿತು.

"ಡಬ್ಬಿ! ಡಬ್ಬಿ!" ಎಂದು ಅಕ್ಕ ಚೀರಿದಳು.

ಅವನು ಕತ್ತಿನವರೆಗೆ ಮುಳುಗಿದರೂ ಕೈಗಳನ್ನು ಮೇಲೆತ್ತಿಯೇ ಇದ್ದ. ಇಬ್ಬರು ಹೆಂಗಸರೂ ಹಗ್ಗ ಜಗ್ಗಿ ದಡಕ್ಕೆ ಎಳೆದರು.

"ಮನುಷ್ಯ ಮುಳುಗ್ತಿದ್ರೆ ಡಬ್ಬಿ ಡಬ್ಬಿ ಅಂತೀಯಲ್ಲ, ನಿನ್ನ ಮನೆ ಹಾಳಾಗ!" ಎಂದು ಕೆಮ್ಮುತ್ತ ಬೈದ.

"ನಿನ್ನನ್ನ ಒಣಗಿಸ್ಬೋದು ಕಣೋ. ಅದನ್ನ ಆಗಲ್ಲ."

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕಂಬ ಸಿಕ್ಕಿತು. ಪೋಂಪೋಂ ಹಾರ್ನನ್ನು ಸಮುದ್ರದ ಕಡೆಗೆ ತಿರುಗಿಸಿ ಕಟ್ಟಿದ. ಅಕ್ಕ ತಂತಿ ಸಿಕ್ಕಿಸಿ ಸ್ವಿಚ್ಚು ಒತ್ತಿದಳು. ಬಂಡೆಗಳೇ ಬೆಚ್ಚಿಬೀಳುವಂತೆ ಹಾರ್ನ್ ಅರಚಿತು. ಅತ್ತಿಗೆ ಅಳುತ್ತಲೇ ನಕ್ಕಳು. ಅಕ್ಕ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಬಿಡುವ ಹೊತ್ತನ್ನು ಅವಳಿಗೆ ಸಹಿಸಲಾಗುತ್ತಿರಲಿಲ್ಲ, ಬೆರಳು ತಾನಾಗಿಯೇ ಸ್ವಿಚ್ಚಿಗೆ ಹೋಗುತ್ತಿತ್ತು.

ಸ್ವಲ್ಪ ಹೊತ್ತಿಗೇ ದನಿ ಒಡೆಯಿತು. ಆಮೇಲೆ ನೆಗಡಿಯಾದವರ ಹಾಗೆ ಗೊರಗೊರ ಎಂದು ನಿಂತೇಬಿಟ್ಟಿತು.

ಅಕ್ಕ ಪ್ಲಾಸ್ಟಿಕ್ ಸರಿಸಿ ನೋಡಿದಳು. ಮುಳ್ಳು ಕೆಂಪು ಗೆರೆಯ ಕೆಳಗೆ ಮಲಗಿತ್ತು.

"ಹೀಗಾಗೋಕೆ ಸಾಧ್ಯವೇ ಇಲ್ಲ. ಮೊನ್ನೆ ತುಂಬಿಸಿಟ್ಟಿದ್ದೆ!"

ಅತ್ತಿಗೆಯ ಮುಖ ಬಿಳಿಚಿಕೊಂಡಿತು. "ನೀನು ಆಸ್ಪತ್ರೆಗೆ ಹೋಗಿದ್ದಾಗ... ಬೀದಿಯವರು ಬಂದಿದ್ರು. ಫೋನಿಗೆ ಒಂಚೂರು ಅಂದ್ರು."

"ಎಷ್ಟು ಜನ?"

"ಎಲ್ರೂ."

"ಊರಿಗೆ ಉಪಕಾರಿ, ಮನೆಗೆ ಮಾರಿ!" ಅಕ್ಕ ಕೂಗಿಯೇಬಿಟ್ಟಳು. "ನಿನ್ನ ಗಂಡ ಕಣೇ ಅಲ್ಲಿರೋದು!"

ಅತ್ತಿಗೆ ತುಟಿ ಕಚ್ಚಿ ನಿಂತಳು. ಅಂದದ್ದು ಅಕ್ಕನಿಗೇ ಚುಚ್ಚಿತು. ಹೊರಡುವ ಆತುರದಲ್ಲಿ ಮುಳ್ಳಿನ ಕಡೆ ಕಣ್ಣು ಹಾಯಿಸದೆ ಪ್ಲಾಸ್ಟಿಕ್ ಸುತ್ತಿದವಳು ತಾನೇ ಅಲ್ಲವೇ?

"ಇನ್ನೇನ್ ಮಾಡೋದು?" ಎಂದ ಪೋಂಪೋಂ.

"ಏನೂ ಮಾಡಬಾರದು," ಎಂದಳು ಅಕ್ಕ. ಆ ಮಾತು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಅವಳಿಗೇ ಗೊತ್ತು. "ಸೀಸದ ಬ್ಯಾಟರಿ ದಣಿದು ಬಿದ್ರೂ, ಸುಮ್ನೆ ಬಿಟ್ರೆ ಇನ್ನೊಂದಿಷ್ಟು ಕೊಡುತ್ತೆ. ಆದ್ರೆ ಮುಟ್ಟಬಾರದು. ಒಂದ್ಸಲ ಒತ್ತಿ ನೋಡೋಣ ಅಂತಾನೂ ಮುಟ್ಟಬಾರದು."

ತಂತಿ ಕಳಚಿ, ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಡಬ್ಬಿಯ ಪಕ್ಕ ಕೂತಳು. ಬೆರಳು ಜುಮ್ಮೆನ್ನುತ್ತಿತ್ತು. ಮಂಜು ಮುಖದ ಮೇಲೆ ಹರಿದುಹೋಗುತ್ತಿತ್ತು. ಇಷ್ಟು ಹೊತ್ತು ಅವಳು ಎಲ್ಲಿಯೂ ಕೂತದ್ದಿಲ್ಲ.

ಆ ಮೌನದಲ್ಲೇ ಅತ್ತಿಗೆ ತಲೆ ಎತ್ತಿದಳು. "ಶ್! ಕೇಳಿ."

ಟುಕು ಟುಕು ಟುಕು. ಎಂಜಿನ್! ಹಾರ್ನಿನ ಅಬ್ಬರದಲ್ಲಿ ಅದು ಯಾರಿಗೂ ಕೇಳಿರಲಿಲ್ಲ.

"ನಮ್ಮದೇ! ಆ ಎಂಜಿನ್ ಕೆಮ್ಮೋದು ನಂಗೊತ್ತು!" ಅತ್ತಿಗೆ ಎದ್ದೇಬಿಟ್ಟಳು. "ಒತ್ತು, ಒತ್ತೇ!"

ಅಕ್ಕನ ಕೈ ತಂತಿಗೆ ಹೋಯಿತು. ಅಲ್ಲಿಯೇ ತಡೆಯಿತು. ಸದ್ದು ಬರುತ್ತಿದ್ದುದು ಎಡದಿಂದ, ಹಲ್ಲುಬಂಡೆಗಳ ಆಚೆಯಿಂದ.

"ಇಲ್ಲಿಂದ ಕೂಗಿಸಿದ್ರೆ ನೇರ ಇತ್ತ ತಿರುಗಿಸ್ತಾನೆ. ನಡುವೆ ಬಂಡೆ. ನಾವೇ ಕರೆದು ಒಡೆಸಿದ ಹಾಗಾಗುತ್ತೆ."

"ಸಂದು ಇದೆ!" ಎಂದಳು ಅತ್ತಿಗೆ. "ಹಲ್ಲುಗಳ ಮಧ್ಯೆ ಒಂದೇ ಒಂದು. ಮದುವೆಯಾದ ಹೊಸದ್ರಲ್ಲಿ ನನ್ನ ಹೆದರ್ಸೋಕೆ ಅದ್ರಲ್ಲೇ ದೋಣಿ ನುಗ್ಗಿಸಿದ್ರು ಪುಣ್ಯಾತ್ಮ! ಅದ್ರ ಎದುರಿಗೇ ಕೆಳಗೊಂದು ಚಪ್ಪಟೆ ಬಂಡೆ. ಅಲ್ಲಿಂದ ಕೂಗ್ಸಿದ್ರೆ ನೇರ ಸಂದಿನೊಳಗೇ ಬರ್ತಾರೆ."

"ದಾರಿ ಗೊತ್ತಾ?"

"ಬಾ."

ಇಳಿದರು. ಇಳಿದರೆನ್ನುವುದಕ್ಕಿಂತ ಜಾರಿದರು. ಮೊದಲು ಅತ್ತಿಗೆ, ಪಾಚಿಯ ಮೇಲೆ ಬರಿಗಾಲು. ನಡುವೆ ಡಬ್ಬಿ ಹೊತ್ತ ಅಕ್ಕ. ಮೇಲಿನಿಂದ ಹಗ್ಗ ಹಿಡಿದ ಪೋಂಪೋಂ, ಕೊರಳಲ್ಲಿ ಹಾರ್ನ್.

ಅಲೆ ಬಂತು. ಅಕ್ಕ ಬೆನ್ನು ತಿರುಗಿಸಿ ಡಬ್ಬಿಯ ಮೇಲೆ ಬಾಗಿದಳು. ಬೆನ್ನು ತೊಯ್ದಿತು, ಡಬ್ಬಿ ಒಣಗಿಯೇ ಇತ್ತು.

ಇನ್ನೊಂದು ಅಲೆ. ಮೊಣಕಾಲು ಬಂಡೆಗೆ ತರಚಿತು.

"ಇಲ್ಲೇ!" ಅತ್ತಿಗೆ ಕೂಗಿದಳು.

ಎಂಜಿನ್ ಹತ್ತಿರವಾಗಿತ್ತು, ತೀರಾ ಹತ್ತಿರ. ಪೋಂಪೋಂ ಇಳಿದು ಬಂದು ಹಾರ್ನನ್ನು ಸಂದಿನ ಕಡೆಗೆ ಹಿಡಿದ, ಅಕ್ಕ ತಂತಿ ಸಿಕ್ಕಿಸಿದಳು. ಮುಳ್ಳು ಕೆಂಪಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. "ತಾಯೀ, ಇದೊಂದ್ಸಲ," ಎಂದು ಒತ್ತಿದಳು.

ಪೋಂ!

ಎಂಜಿನ್ನಿನ ಸದ್ದು ತಗ್ಗಿತು. ಕಿವಿಗೊಡುತ್ತಿದ್ದಾರೆ!

ಮತ್ತೆ ಒತ್ತಬೇಕೆಂದು ಬೆರಳು ಕುಣಿಯಿತು. ಅಕ್ಕ ಹಲ್ಲು ಕಚ್ಚಿ ತಡೆದಳು. ಉಸಿರು ಎಳೆದು ಬಿಡುವಷ್ಟು ಬಿಡುವು ಕೊಟ್ಟು ಒತ್ತಿದಳು. ಪೋಂ. ಮತ್ತೆ ಬಿಡುವು. ಪೋ... ದನಿ ಒಡೆಯಿತು. ಕೊನೆಯದು ಕಪ್ಪೆ ವಟಗುಟ್ಟಿದಷ್ಟೇ. ಆಮೇಲೆ ಬರೀ ಅಲೆಯ ಸದ್ದು.

ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು.

ಬಿಳಿಯ ಮಂಜಿನೊಳಗೆ ಒಂದು ಕಪ್ಪು ಕಲೆ ಕಂಡಿತು. ಕಲೆಗೆ ಮೂತಿ ಬಂತು. ಎರಡು ಬಂಡೆಗಳ ನಡುವೆ, ಎರಡೂ ಬದಿಗೆ ಒಂದೊಂದು ಮೊಳ ಬಿಟ್ಟು, ದೋಣಿ ನುಗ್ಗಿ ಬಂತು. ಮುಂದೆ ಗಳ ಹಿಡಿದು ನಿಂತಿದ್ದ ಅಣ್ಣ ಇವರನ್ನು ಕಂಡು ಬಾಯಿ ತೆರೆದ.

"ಸಮುದ್ರದೊಳಗೆ ಲಾರಿ ಯಾಕ್ ಬಂತು ಅಂತಿದ್ವಿ!"

ಅತ್ತಿಗೆ ನೀರಿಗೇ ಇಳಿದಳು. ಗಂಡನ ತೋಳು ಹಿಡಿದು ಚೆನ್ನಾಗಿ ಅತ್ತಳು, ಆಮೇಲೆ ಚೆನ್ನಾಗಿ ಬೈದಳು. ಉಳಿದಿದ್ದ ಡೀಸೆಲ್ಲಿನಲ್ಲಿ ದೋಣಿ ದಡದಂಚಿನಲ್ಲೇ ತೆವಳುತ್ತ ಎಲ್ಲರನ್ನೂ ಬಂದರಿಗೆ ತಂದಿತು. ಅಲ್ಲಿಂದ ಅಂಗಡಿಯವರೆಗೆ ಅತ್ತಿಗೆ ಡಬ್ಬಿಯನ್ನು ಯಾರ ಕೈಗೂ ಕೊಡಲಿಲ್ಲ. ಭಾರಕ್ಕೆ ಸೊಟ್ಟಗೆ ನಡೆಯುತ್ತಿದ್ದರೂ ತಾನೇ ಹೊತ್ತಳು.

ದಾರಿಯಲ್ಲಿ ಅಕ್ಕ ಮೆಲ್ಲಗೆ ಹೇಳಿದಳು, "ಮಾರಿ ಅಂದ್ಬಿಟ್ಟೆ. ಮನಸ್ಸಿನಲ್ಲಿಟ್ಕೋಬೇಡ."

"ಹೆಸರಿಟ್ಟದ್ದು ಸರಿಯಾಗೇ ಇತ್ತು," ಎಂದು ಅತ್ತಿಗೆ ಮೂಗು ಒರೆಸಿಕೊಂಡಳು.

ಅಂಗಡಿಯ ಮುಂದೆ ಬೀದಿಯವರು ಸಾಲಾಗಿ ನಿಂತಿದ್ದರು, ಕೈಯಲ್ಲಿ ಫೋನು, ಫೋನಿಗೆ ವೈರು. "ಒಂಚೂರು ಹಾಕ್ಲಾ?" ಎಂದ ದರ್ಜಿ, ಅತ್ತಿಗೆಯ ಮುಖ ನೋಡಿ.

ಜನ್ಮದಲ್ಲಿ ಇಲ್ಲವೆನ್ನದ ಅತ್ತಿಗೆ ಡಬ್ಬಿಯನ್ನು ಮೂಲೆಯಲ್ಲಿಟ್ಟು ಅದಕ್ಕೆ ಅಂಗಡಿಯಲ್ಲಿದ್ದ ತನ್ನ ಒಣ ಸ್ವೆಟರ್ ಹೊದಿಸಿದಳು. "ಇಲ್ಲ. ಅದು ದಣಿದಿದೆ," ಎಂದಳು.

ಬ್ಯಾಟರಿಯಕ್ಕ ಅದರ ಪಕ್ಕ ಸ್ಟೂಲು ಎಳೆದುಕೊಂಡು, ಎರಡೂ ಕಾಲು ಚಾಚಿ, ಕೂತಳು.