ಹದಿನೇಳನೆಯ ಚೌಕಟ್ಟು

ಚೌಕಟ್ಟು ಗೋಡೆಯ ಮೇಲೇ ಇತ್ತು. ಒಳಗಿನ ಫೋಟೋ ಇರಲಿಲ್ಲ.

ಭವ್ಯ ಬಾಗಿಲಲ್ಲೇ ನಿಂತುಬಿಟ್ಟಳು. ಕಮಲಾಪುರದ ಸಮುದಾಯ ಭವನದಲ್ಲಿ ಮೂರು ದಿನ ನಿಂತು ಇಪ್ಪತ್ನಾಲ್ಕು ಫೋಟೋಗಳನ್ನು ಅವಳೇ ತೂಗುಹಾಕಿದ್ದಳು. ಹಂಪಿಯ ಹೊಳೆದಂಡೆಯಲ್ಲಿ ತೇಲುವ ನೀರಿನ ಬಾಟಲಿಗಳು, ಸಂಡೂರು ರಸ್ತೆಯ ಜಾಲಿಗಿಡಕ್ಕೆ ಸಿಕ್ಕಿಕೊಂಡ ಕ್ಯಾರಿಬ್ಯಾಗುಗಳು, ಕಂಪ್ಲಿಯ ಗದ್ದೆ ಬದುವಿನ ಮೇಲೆ ಖಾಲಿ ಗುಟ್ಕಾ ಪೊಟ್ಟಣಗಳು— ಹೊಸಪೇಟೆಯಲ್ಲಿ ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವ ಹುಡುಗಿ, ಒಂದು ವರ್ಷ ಬಿಡುವು ಸಿಕ್ಕಾಗಲೆಲ್ಲ ಇದಕ್ಕೇ ಅಲೆದಿದ್ದಳು. ಜನ ತಾವು ಎಸೆದದ್ದನ್ನು ಗೋಡೆಯ ಮೇಲೆ ನೋಡಿದರೆ ಒಮ್ಮೆಯಾದರೂ ನಾಚಿಕೆಪಟ್ಟಾರು ಎಂಬುದು ಅವಳ ನಂಬಿಕೆ.

ಹನ್ನೊಂದಕ್ಕೆ ಉದ್ಘಾಟನೆ. ಈಗ ಎಂಟೂವರೆ. ಹೋದದ್ದು ಹದಿನೇಳನೆಯದು— ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು. ಅಷ್ಟು ದೊಡ್ಡ ಪ್ರಿಂಟ್ ಬಳ್ಳಾರಿಯಿಂದಲೇ ಬರಬೇಕು.

"ಇದು ಪಂಪೇಶನ ಕೆಲಸ" ಎಂದಳು ಭವ್ಯ.

ಜೊತೆಗೆ ದುರ್ಗಕ್ಕ ಬಂದಿದ್ದಳು. ಭವ್ಯಳ ಪಕ್ಕದ ಮನೆಯವಳು. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಇವತ್ತು ಬಂದದ್ದು ಅತಿಥಿಗಳಿಗೆ ಚಹಾ ಕೊಡಲಿಕ್ಕೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೆಜ್ಜೆಯಿಟ್ಟಳು. ನೆಲ ಇನ್ನೂ ಪೂರ್ತಿ ಆರಿರಲಿಲ್ಲ. ಗೋಡೆಯ ಅಂಚು ಹಿಡಿದು ನಡೆದಳು.

ಭವನ ನೋಡಿಕೊಳ್ಳುವ ಜಂಬುನಾಥನನ್ನು ಮೊದಲು ಕರೆದಳು. ನಿನ್ನೆ ಸಂಜೆ ಏಳಕ್ಕೆ ಬೀಗ ಹಾಕಿದ್ದಾಗಿಯೂ, ಬೆಳಿಗ್ಗೆ ಆರಕ್ಕೆ ತಾನೇ ತೆಗೆದು ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದಾಗಿಯೂ ಅವನು ಹೇಳಿದ. ಕಿಟಕಿಗಳ ಚಿಲಕಗಳು ಒಳಗಿನಿಂದ ಹಾಕಿದಂತೆಯೇ ಇದ್ದವು.

"ಬೆಳಿಗ್ಗಿಂದ ಒಳಗ ಯಾರು ಬಂದಿದ್ರು?"

"ಯಾರೂ ಬಂದಿಲ್ರಿ."

ಭವ್ಯಳಿಗೆ ಅವನ ಮೇಲೂ ಅನುಮಾನವೇ. ಅವನ ಮನೆಯ ಮಹಡಿಯಲ್ಲಿ ಪ್ರವಾಸಿಗರಿಗೆ ಬಾಡಿಗೆ ಕೋಣೆಗಳಿದ್ದವು. ಇಂಥ ಫೋಟೋ ಹಾಕಿದರೆ ಊರಿನ ಹೆಸರು ಕೆಡುತ್ತದೆ ಎಂದು ಮೂರು ದಿನದಿಂದ ಗೊಣಗುತ್ತಲೇ ಇದ್ದ. ಆದರೂ ಅವಳ ಮನಸ್ಸು ನೆಟ್ಟಿದ್ದು ಪಂಪೇಶನ ಮೇಲೆ. ಬಸ್ ನಿಲ್ದಾಣದ ಎದುರು ಅವನ ಮಿರ್ಚಿ-ಒಗ್ಗರಣೆ ಹೋಟೆಲು. ಹೋಟೆಲಿನ ಹಿಂದೆ ಗುಡ್ಡೆ ಬಿದ್ದ ಪ್ಲಾಸ್ಟಿಕ್ ಲೋಟಗಳು ಒಂಬತ್ತನೆಯ ಫೋಟೋದಲ್ಲಿದ್ದವು, ಅಂಗಡಿಯ ಬೋರ್ಡಿನ ಸಮೇತ. ಮೊನ್ನೆಯಷ್ಟೇ ಅವನು ಬಂದು, ಇದನ್ನು ತೆಗೆಯದಿದ್ದರೆ ನೆಟ್ಟಗಾಗುವುದಿಲ್ಲ ಎಂದು ಹೋಗಿದ್ದ. ಭವ್ಯ ಕೂತು ಪೊಲೀಸರಿಗೆ ದೂರು ಬರೆಯತೊಡಗಿದಳು. ಪಂಪೇಶನ ಹೆಸರು ಎರಡನೆಯ ಸಾಲಿನಲ್ಲೇ ಬಂತು.

ಕರೆ ಕಳಿಸಿದ ಮೇಲೆ ಪಂಪೇಶ್ ಕೈಯೊರೆಸಿಕೊಳ್ಳುತ್ತ ಬಂದ. ನಿನ್ನೆ ಮಧ್ಯಾಹ್ನವೇ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಸಂಡೂರಿಗೆ ಹೋದವನು ಎಂಟಕ್ಕೆ ಬಸ್ಸಿಳಿದು ಹೋಟೆಲು ತೆಗೆದೆನೆಂದ. ಟಿಕೆಟ್ಟೂ ತೋರಿಸಿದ. ಆಮೇಲೆ ಒಂಬತ್ತನೆಯ ಫೋಟೋದ ಕಡೆ ಕೈಮಾಡಿದ.

"ನನ್ನ ಮಾನ ಹೋಗಾಕತ್ತಿದ್ದು ಅಲ್ಲಿ. ಅದು ಇನ್ನೂ ನೇತಾಡಾಕತ್ತೈತಿ. ಕದಿಯಾಂವ ಅದನ್ನ ಬಿಟ್ಟು ಇದನ್ನ ಯಾಕ ಕದೀಲಿ?"

ಕದ್ದವನಿಗೆ ಸಂಖ್ಯೆ ತಪ್ಪಿರಬಹುದು ಎಂದು ಭವ್ಯ ಗೊಣಗಿದಳು. ಪೆನ್ನು ಮಾತ್ರ ಕೆಳಗಿಡಲಿಲ್ಲ.

ದುರ್ಗಕ್ಕ ಖಾಲಿ ಚೌಕಟ್ಟನ್ನು ಇಳಿಸಿ ಬೆನ್ನು ಮೇಲಾಗಿಸಿ ಮೇಜಿನ ಮೇಲಿಟ್ಟಳು. ಹಿಂಬದಿಯ ತಗಡಿನ ಪಟ್ಟಿಗಳನ್ನು ಯಾರೋ ಒಂದೊಂದಾಗಿ ಬಿಡಿಸಿ, ಫೋಟೋ ತೆಗೆದು, ಮತ್ತೆ ಒಂದೊಂದಾಗಿ ಮಡಚಿದ್ದರು. ಗಾಜಿನ ಮೇಲೆ ಬೆರಳಿನ ಗುರುತೂ ಇಲ್ಲ.

"ಇದರ ಕೆಳಗಿನ ಚೀಟಿ ಎಲ್ಲಿ?"

ಆಗಲೇ ಭವ್ಯ ಗಮನಿಸಿದ್ದು. ಪ್ರತಿ ಫೋಟೋದ ಕೆಳಗೂ ಅವಳು ಒಂದೊಂದು ಸಾಲು ಬರೆದು ಅಂಟಿಸಿದ್ದಳು. ಹದಿನೇಳರ ಕೆಳಗೆ ಗೋಡೆ ಬೋಳಾಗಿತ್ತು.

"ಏನು ಬರ್ದಿದ್ದಿ?"

"'ಕಸದಲ್ಲೇ ಬದುಕು' ಅಂತ."

ದುರ್ಗಕ್ಕ ಫೋಟೋ ತೋರಿಸು ಎಂದಳು. ಭವ್ಯ ಮೊಬೈಲ್ ಕೊಟ್ಟಳು. ಕಂಪ್ಲಿ ರಸ್ತೆಯ ಕಾಲುವೆ. ತೂಬಿನ ಬಾಯಿಗೆ ಅಡರಿದ ಪ್ಲಾಸ್ಟಿಕ್ಕಿನ ರಾಶಿ. ಮೊಣಕಾಲುದ್ದ ಅದರಲ್ಲಿ ನಿಂತು ಬಗ್ಗಿದ ಹೆಂಗಸು. ಸೆರಗು ಮುಖಕ್ಕೆ ಇಳಿದಿದೆ.

"ಯಾರಿದು?"

"ಯಾರೋ ಕಸ ಆಯೋರು, ಅಕ್ಕ. ಮುಖ ಕಾಣಂಗಿಲ್ಲಲ್ಲ."

ದುರ್ಗಕ್ಕ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದಳು. ಬಹಳ ಹೊತ್ತು ನೋಡಿದಳು. ನೋಡುತ್ತಲೇ ಜಂಬುನಾಥನನ್ನು ಕೇಳಿದಳು:

"ನೆಲ ಒರಿಸಿದ್ದು ಯಾರು?"

"ಭೀಮಮ್ಮ. ಈಗ ಹೊರಗ ನಳದ ಹತ್ರ ಅದಾಳ."

"ಬೆಳಿಗ್ಗಿಂದ ಯಾರೂ ಬಂದಿಲ್ಲ ಅಂದ್ರಿ?"

ಜಂಬುನಾಥ ತಬ್ಬಿಬ್ಬಾದ. ಆಕೆ ದಿನಾ ಬರುತ್ತಾಳೆ, ಗುಡಿಸಿ ಒರೆಸಿ ಹೋಗುತ್ತಾಳೆ. ಆಕೆಯನ್ನೂ ಹೇಳಬೇಕೆಂದು ತನಗೆ ಹೊಳೆಯಲಿಲ್ಲ ಎಂದ.

ದುರ್ಗಕ್ಕ ಭವ್ಯಳ ಕೈಯಿಂದ ದೂರಿನ ಹಾಳೆ ತೆಗೆದುಕೊಂಡು ಮಡಚಿದಳು.

"ನೀವೆಲ್ಲಾರೂ ಫೋಟೋದಾಗಿನ ಕಸ ನೋಡಿದ್ರಿ. ಯಾರ ಕಸ, ಯಾರಿಗೆ ನಾಚಿಕಿ ಅಂತ. ಕಸ ಎಸೆದಾಂವ ಫೋಟೋ ಹರಿತಿದ್ದ, ಗಾಜು ಒಡೀತಿದ್ದ. ನೀ ಬರ್ದ ಚೀಟಿ ತಗೊಂಡು ಅವಂಗೇನು ಆಗಬೇಕು? ಚೀಟಿ ಬೇಕಾಗಿದ್ದು, ಆ ಮಾತು ಯಾರಿಗೆ ಚುಚ್ಚಿತ್ತೋ ಅವ್ರಿಗೆ. ಗಾಜು ಒರಿಸಿ ಇಡೋದು ದಿನಾ ಒರಿಸೋ ಕೈ. ಇಲ್ಲಿ ಮೊಬೈಲಿನಾಗ ನೋಡು— ಈ ಕೈಮ್ಯಾಲ ಚೇಳಿನ ಹಚ್ಚೆ ಐತಿ. ಈಗ ಬರೋವಾಗ ಹೊರಗ ನಳದ ಹತ್ರ ಕೊಡ ತುಂಬ್ತಿದ್ದಾಕಿಯ ಕೈಮ್ಯಾಲ ಇದೇ ಹಚ್ಚೆ ನೋಡೀನಿ. ಫೋಟೋದಾಗ ಇರಾಕಿ ಭೀಮಮ್ಮ. ತೆಗದಾಕಿನೂ ಭೀಮಮ್ಮ."

ಮೂರು ದಿನ ಅದೇ ಹೆಂಗಸು ಭವ್ಯಳ ಏಣಿಯ ಸುತ್ತ ಗುಡಿಸಿದ್ದಳು. ಒಂದು ಸಲ ಏಣಿ ಹಿಡಿದೂ ನಿಂತಿದ್ದಳು.

ಭೀಮಮ್ಮ ಕರೆದ ಕೂಡಲೇ ಬಂದಳು. ಇಲ್ಲವೆನ್ನಲಿಲ್ಲ. ತನ್ನ ಕೈಚೀಲದಿಂದ ಸುರುಳಿ ಮಾಡಿದ ಪೇಪರು ತೆಗೆದು ಮೇಜಿನ ಮೇಲೆ ಬಿಡಿಸಿದಳು. ಫೋಟೋಕ್ಕೆ ಒಂದು ಸುಕ್ಕೂ ಬಿದ್ದಿರಲಿಲ್ಲ. ಚೀಟಿಯೂ ಅದರೊಳಗೇ ಇತ್ತು.

"ನನ್ನ ಮೊಮ್ಮಗಳ ಸಾಲಿ ಮಕ್ಕಳನ್ನ ಹನ್ನೊಂದಕ್ಕ ಇಲ್ಲಿಗೆ ಕರ್ಕೊಂಡು ಬರ್ತಾರಂತ" ಎಂದಳು. "ಆಕಿಗೆ ಓದಾಕ ಬರ್ತೈತಿ."

ಉಳಿದದ್ದನ್ನೂ ಹೇಳಿದಳು. ಆವತ್ತು ಅವಳು ಕಸ ಆಯಲಿಕ್ಕೆ ಹೋದವಳಲ್ಲ. ತೂಬಿಗೆ ಪ್ಲಾಸ್ಟಿಕ್ ಕಟ್ಟಿ ನಾಲ್ಕು ದಿನದಿಂದ ಕೆಳಗಿನ ಗದ್ದೆಗಳಿಗೆ ನೀರಿರಲಿಲ್ಲ. ತಂಗಿ ಹಾಕಿದ ಭತ್ತದ ಸಸಿ ಹಳದಿ ತಿರುಗಿತ್ತು. ಎಲ್ಲರೂ ಬಂದು ನೋಡಿ ಹೋದರು, ಯಾರೂ ಇಳಿಯಲಿಲ್ಲ. ಅವಳು ಇಳಿದಳು.

"ಮಧ್ಯಾಹ್ನದ ತನಕ ಮೂರು ಚೀಲ ತೆಗದೆ. ಆಮ್ಯಾಲ ನೀರು ಹರೀತು. ನೀವು ದಂಡಿ ಮ್ಯಾಲ ನಿಂತು ಫೋಟೋ ಹೊಡ್ಕೊಂಡು ಹೋದ್ರಿ."

"ನನಗ ಹೇಳಬಹುದಿತ್ತಲ್ಲವ್ವ" ಎಂದಳು ಭವ್ಯ.

"ನಿನ್ನಿ ಸಂಜಿ ಹೇಳಾಕ ಬಂದಿದ್ದೆ. ಫೋನಿನಾಗಿದ್ರಿ. ಅಲ್ಲೊಂಚೂರು ಒರಿಸಿಬಿಡ್ರಿ ಅಂದ್ರಿ."

ಭವ್ಯಳಿಗೆ ನೆನಪಾಯಿತು. ಆ ಚೀಟಿಯನ್ನು ಹರಿದಳು, ದುರ್ಗಕ್ಕನ ಕೈಲಿದ್ದ ದೂರಿನ ಹಾಳೆಯನ್ನೂ. ಪಂಪೇಶನ ಕಡೆ ತಿರುಗಿ, ತಪ್ಪಾಯಿತು ಎಂದಳು. ಅವನು ಇದೇ ಸಮಯವೆಂದು, ಹಾಗಾದರೆ ಒಂಬತ್ತನೆಯದನ್ನೂ ಇಳಿಸಿಬಿಡಿ ಎಂದ.

"ಅದು ಇರ್ಲಿ, ಪಂಪೇಶಣ್ಣ. ಅದರ ಕೆಳಗ ಬರ್ದಿದ್ದು ಸುಳ್ಳಲ್ಲ."

ಪಂಪೇಶ್ ನೆಲ ನೋಡಿಕೊಂಡು ಹೋಟೆಲಿಗೆ ಹೋದ.

ಭವ್ಯ ಹೊಸ ಚೀಟಿ ತೆಗೆದುಕೊಂಡಳು. ಈ ಫೋಟೋ ಇಲ್ಲಿರುವುದು ಬೇಡವೆಂದರೆ ಹಾಕುವುದಿಲ್ಲ, ಮನೆಗೆ ಒಯ್ಯಿರಿ ಎಂದಳು. ಭೀಮಮ್ಮ ಫೋಟೋವನ್ನು ಇನ್ನೊಮ್ಮೆ ನೋಡಿದಳು. ಫೋಟೋ ಇರಲಿ, ಮಾತು ಬದಲಾಗಲಿ ಎಂದಳು. ಏನು ಬರೆಯಲಿ ಎಂದು ಭವ್ಯ ಕೇಳಿದಳು. ಭೀಮಮ್ಮ ಹೇಳುತ್ತ ಹೋದಳು, ಭವ್ಯ ಬರೆಯುತ್ತ ಹೋದಳು: ಹೆಸರು, ಊರು, ತೂಬು, ಮೂರು ಚೀಲ, ನೀರು.

ಬರೆದದ್ದನ್ನು ಭೀಮಮ್ಮ ಕೈಯಲ್ಲಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಕೊನೆಯ ತನಕ ಓದಿದಳು.

"ಈಗ ಹಚ್ರಿ" ಎಂದಳು.